ಡ್ರೈವರ್ ಅಜ್ಜಾರು, ಮೋತ್ಯಾ ಮತ್ತ ನಮ್ಮ ಇಳಿಜಾರು

ಜನಾ ಕೇಳ್ತಾರ, "ಬಾಯಾರ, ಇಂಥಾವೆಲ್ಲಾ ನಿಮ್ಮ ದವಾಖಾನಿಯಾಗ ಹೆಂಗ ಆಗ್ತಾವ್ರಿ?" ಅಂತ. ನಾ ಏನ ಹೇಳ್ಲಿ? ನಾ ಮುಂಜಾನಿ ಎದ್ದು ಶಟರ್ ಎತ್ತೂದಷ್ಟ. ಉಳಿದದ್ದು ತಾನ ಒಳಗ ಬಂದು ಕುಂದರ್ತೈತಿ. ಒಮ್ಮೊಮ್ಮೆ ಬಾಲಾ ಅಳ್ಳಾಡಿಸ್ಕೋಂತ ಬರ್ತೈತಿ, ಒಮ್ಮೊಮ್ಮೆ ಬಾಯಿ ಮಾಡ್ಕೋಂತ ಬರ್ತೈತಿ. ಬಾಯಿ ಮಾಡೂದು ಬಹಳ ಸಲ ನಾಯಿ ಅಲ್ಲ.

ಹಾಲ ಎಷ್ಟ ಕೊಡ್ತೈತಿ?

ನಾ ಸರಕಾರಿ ದನದ ಡಾಕ್ಟರ್ ಆಗಿದ್ದೆ, ಮಂದಿ ಡಾಕ್ಟರ್ ಬಾಯಾರು ಅಂತಿದ್ರು. ಖಾನಾಪುರ ತಾಲೂಕಿನ್ಯಾಗ ಎಮ್ಮಿ, ಆಕಳಾ, ಆಡು ನೋಡಿ ನೋಡಿ ಕೂದಲಾ ಬೆಳ್ಳಗ ಮಾಡ್ಕೊಂಡಾಕಿ. ರಿಟಾಯರ್ ಆದ ಮ್ಯಾಲೆ ಸುಮ್ನ ಮನ್ಯಾಗ ಕುಂದ್ರೂ ಸ್ವಭಾವ ನಂದಲ್ಲ. ಬೆಳಗಾವಿಗೆ ಬಂದು, ಶಿವಬಸವ ನಗರ ದಾಟಿ ಗುಡ್ಡದ ಕಡೆ ಏರು ಹತ್ತಿದ್ರ ಸಿಗೂ ಹೊಸಾ ಬಡಾವಣಿಯಾಗ ಒಂದು ಸಣ್ಣ ದವಾಖಾನಿ ತಗದೆ.

ಅಲ್ಲಿ ಹುಡುಕಿದ್ರೂ ಒಂದು ಎಮ್ಮಿ ಇಲ್ಲ. ಆದ್ರ ಮನಿಗೊಂದು ನಾಯಿ ಐತಿ. ರಸ್ತಾ ಅಂದ್ರ ಒಂದ, ಅದೂ ಜಾರಬಂಡಿ ಇದ್ದಂಗ. ಮ್ಯಾಲೆ ನನ್ನ ದವಾಖಾನಿ, ತಳದಾಗ ಚಾದಂಗಡಿ. ಮುಂಜಾನಿ ಆತಂದ್ರ ಬಡಾವಣಿ ನಾಯಿಗೋಳೆಲ್ಲಾ ತಮ್ಮ ತಮ್ಮ ಮಾಲಕರನ್ನ ಎಳಕೊಂಡು ಅದ ರಸ್ತಾದಾಗ ವಾಕಿಂಗ್ ಹೊಂಡ್ತಾವ.

ದವಾಖಾನಿ ತಗದ ಮೊದಲನೇ ದಿನಾ ಒಬ್ಬ ದೊಡ್ಡ ಮನುಷ್ಯಾರು ಹೆಂಡತಿ ಜೋಡಿ ಬಂದ್ರು. ಖಡಕ್ ಇಸ್ತ್ರಿ ಅಂಗಿ, ಕೈಯಾಗ ಹತ್ತಿ ಉಂಡಿಯಂಥಾ ಬಿಳೀ ನಾಯಿ. "ಎರಡ ದಿನಾ ಆತ್ರಿ, ಏನೂ ತಿನ್ನವಲ್ದು" ಅಂದ್ರು. ನಾ ಕನ್ನಡಕ ಏರಿಸಿ, ಪೆನ್ನು ಹಿಡದು, ರೂಢಿ ಮಾತು ರೂಢಿಲೆ ಕೇಳೇಬಿಟ್ಟೆ: "ದಿನಕ್ಕ ಹಾಲ ಎಷ್ಟ ಕೊಡ್ತೈತ್ರಿ?"

ಕೇಳಿದ ಮ್ಯಾಲೆ ನಾಲಿಗಿ ಕಚ್ಚಿಕೊಂಡೆ. ನಗ್ತಾರಂತ ತಿಳದೆ. ನಗಲಿಲ್ಲ. ಅವರು ಚಿಂತಿ ಮಾಡ್ಕೋಂತ ಹೆಂಡತಿ ಮುಖಾ ನೋಡಿದ್ರು. ಆ ತಾಯಿ ನಾಚ್ಕೊಂಡು, "ಇಲ್ರೀ ಬಾಯಾರ, ನಾವು ಪ್ಯಾಕೆಟ್ ಹಾಲ ತರ್ತೀವ್ರಿ" ಅಂದ್ರು.

ಮುರದಾಂವ ಹೊರಗ ನಿಂತಾನ

ಮುಂದಿನ ವಾರ ಒಬ್ಬ ಅಜ್ಜಾರು ಬಂದ್ರು. ಬಲಗೈ ಮುಂಗೈತನಕ ಪ್ಲಾಸ್ಟರು. ಸೀದಾ ಬಂದು ಪೇಷಂಟ್ ಟೇಬಲ್ ಮ್ಯಾಲೆ ಕೈ ಇಟ್ರು.

"ಅಜ್ಜಾರ, ಇದು ದನದ ದವಾಖಾನಿ" ಅಂದೆ.

"ಗೊತ್ತೈತ್ರಿ. ಮುರದದ್ದು ನಂದು. ಮುರದಾಂವ ಹೊರಗ ಕಂಬಕ್ಕ ಕಟ್ಟಿಸ್ಕೊಂಡು ನಿಂತಾನ."

ಹೊರಗ ಹೋಗಿ ನೋಡಿದೆ. ಆಕಳ ಕರದಷ್ಟ ಎತ್ತರ, ಕಂದು ಬಣ್ಣ, ಅವ್ವ ಮುಧೋಳ ಜಾತಿಯಾಕಿ, ಅಪ್ಪ ಯಾರಂತ ಗೊತ್ತಿಲ್ಲದಾಂವ. ಹೆಸರು ಮೋತ್ಯಾ. ಮುಖಾ ನೋಡಿದ್ರ ಪಾಪ ಏನೂ ಅರೀದ ಕೂಸು. ಇಳಿಜಾರಿನ್ಯಾಗ ಓಡಿ, ಅಜ್ಜಾರನ್ನ ಎಳದು, ಗಟಾರದ ದಂಡೀಗೆ ಕೆಡವಿದ್ದು ಇದ ಕೂಸು.

ಅಜ್ಜಾರು ಸರಕಾರಿ ಬಸ್ ಡ್ರೈವರ್ ಆಗಿ ರಿಟಾಯರ್ ಆದಾರು. ಖಾನಾಪುರದ ಕಡೆ ಘಾಟಿನ್ಯಾಗ ಮಳಿ, ಮಂಜು ಅನ್ನದ ಗಾಡಿ ಇಳಿಸಿದ ಮನುಷ್ಯಾ. ಅಂಥಾವ್ರನ್ನ ಈ ನಾಲ್ಕ ಹೆಜ್ಜಿ ಇಳಿಜಾರು ಸೋಲಿಸಿತ್ತು, ಅದ ಅವರಿಗೆ ಬಾಳ ಅವಮಾನ ಆಗಿತ್ತು.

ಹಿಂದಿಂದ ಅವರ ಸೊಸಿ ಬಂದ್ಲು. ಶಹಾಪುರದ ಮನಿ ಮಗಳು, ಸಾಲಿಯಾಗ ಅಕ್ಕೋರು. ಮಾತು ಮಗ್ಗದಾಗಿನ ಲಾಳಿ ಇದ್ದಂಗ, ನಿಲ್ಲೂದ ಇಲ್ಲ. "ಬಾಯಾರ, ಇವ್ರ ಮುಂದನ ಹೇಳ್ತೀನಿ ಕೇಳ್ರಿ. ಪ್ಲಾಸ್ಟರ್ ತಗದ ಮ್ಯಾಲೆ ನಾನ ಸ್ವತಾ ಸರಪಳಿ ಹಿಡದು ಈ ರಸ್ತಾ ಇಳದು ನೋಡ್ತೀನಿ. ಮೋತ್ಯಾ ಜಗ್ಗಿದಾ ಅಂದ್ರ ಮುಗೀತು. ಖಾನಾಪುರದಾಗ ನಮ್ಮ ಕಾಕಾನ ಹೊಲ ಐತಿ, ಸೀದಾ ಅಲ್ಲಿಗೆ ಕಳಸ್ತೀನಿ. ಇನ್ನೊಮ್ಮೆ ಇವರು ಬಿದ್ದು ಟೊಂಕಾ ಮುರ್ಕೊಂಡ್ರ ಯಾರ ನೋಡಬೇಕ್ರಿ?"

ಆಕಿ ಹೇಳಿದ್ದು ತಪ್ಪಲ್ಲ. ಆದ್ರ ಆಕಿ ಹೊರಗ ಹೋದ ಮ್ಯಾಲೆ ಅಜ್ಜಾರು ಸಣ್ಣ ದನಿಲೆ ಅಂದ್ರು: "ನಮ್ಮಾಕಿ ತೀರ್ಕೊಂಡ ಮ್ಯಾಲೆ ನನ್ನ ಮುಂಜಾನಿ ಹೊರಗ ಕರಕೊಂಡು ಹೋಗಾಂವ ಇಂವ ಒಬ್ಬನ್ರಿ. ಇಂವ ಹೋದ ಅಂದ್ರ ನಾ ಟೀವಿ ಮುಂದ ಕುಂತು ಮಣ್ಣಾಗ್ತೀನಿ."

"ಅಜ್ಜಾರ, ಚಿಂತಿ ಬ್ಯಾಡ, ಕಲಸೂಣು. ಮೊದಲನೇ ಮಾತು, ಸರಪಳಿ ಕೈಗೆ ಸುತ್ತಿಕೋಬ್ಯಾಡ್ರಿ. ನಾಯಿ ಜಗ್ಗಿದ್ರ ಬಿಡಾಕ ಬರಬೇಕು" ಅಂದೆ. ಅವರು ಸಾಲಿ ಹುಡಗನ ಹಂಗ ತಲಿ ಆಡಿಸಿದ್ರು.

ಮರುದಿನಾ ಮುಂಜಾನಿ ನಾ ಬಾಗಲ ಮುಂದ ಕಸಾ ಉಡಗಾಕ್ಹತ್ತಿದ್ದೆ. ಮ್ಯಾಲಿಂದ ಧಡ್ ಧಡ್ ಅಂತ ಸಪ್ಪಳ. ನೋಡ್ತೀನಿ, ಮುಂದ ಮೋತ್ಯಾ, ಹಿಂದ ಅಜ್ಜಾರು. ಸರಪಳಿ ಅವರ ನಡಕ್ಕ ಗಂಟು! ಪ್ಲಾಸ್ಟರಿಂದು ಸೈತ ಎರಡೂ ಕೈ ಮ್ಯಾಲೆ ಎತ್ತಿ, ನನ್ನ ಮುಂದ ಹಾಯ್ದು ಹೋಗ್ಕೋಂತ ಕೂಗಿದ್ರು: "ನೋಡ್ರಿ ಬಾಯಾರಾ, ಕೈಗೆ ಸುತ್ತಿಲ್ಲಾ!"

ಖಾನಾಪುರದ ಎದಿಪಟ್ಟಿ

ದೇವರ ದೊಡ್ಡಾಂವ, ಚಾದಂಗಡಿ ಕಂಬಾ ಅವರನ್ನ ಹಿಡೀತು. ಸೊಸಿಗೆ ಈ ಸುದ್ದಿ ಹೋಗಲಿಲ್ಲ. ನಾ ಮಾತ್ರ ಅವರನ್ನ ಕುಂದ್ರಿಸಿ ಚೆಂದಾಗಿ ಬೈದೆ. ಎಮ್ಮಿ ಮಾಲಕರನ್ನ ಬೈದ ಬಾಯಿ, ಹಗೂರ ಬೈಯಾಕ ಬರೂದಿಲ್ಲ.

ಬೈದು ಮುಗಿಸಿ ತಿಳಿಸಿ ಹೇಳಿದೆ. "ಕೊಳ್ಳಾಗ ಪಟ್ಟಾ ಬ್ಯಾಡ್ರಿ. ಎದಿಗೆ ಪಟ್ಟಿ ಹಾಕ್ರಿ, ಎದಿ ಮುಂದ ಒಂದು ರಿಂಗ್ ಇರ್ಲಿ, ಅದಕ್ಕ ಸರಪಳಿ ಹಾಕ್ರಿ. ನಾಯಿ ಜಗ್ಗಿದ್ರ ಅದರ ಮೈಯಿ ತಾನ ನಿಮ್ಮ ಕಡೆ ತಿರಗ್ತೈತಿ. ಪ್ಯಾಟ್ಯಾಗ ನಾಯಿ ಸಾಮಾನಿನ ಅಂಗಡಿಯಾಗ ಸಿಗ್ತೈತಿ."

"ಅಂಗಡೀದು ಯಾಕ್ರಿ? ನಮ್ಮ ಖಾನಾಪುರದಾಗ ಒಬ್ಬಾಂವ ಅದಾನ. ಅಂವ ಮಾಡಿದ ಪಟ್ಟಿ ಹರೀತಂತ ಇಲ್ಲೀತನಕ ಯಾರೂ ಅಂದಿಲ್ಲ" ಅಂದ್ರು.

ಅಂವ ಎತ್ತಿನ ಸಾಮಾನ ಮಾಡಾಂವ ಅನ್ನೂದು ನನಗ ಹೇಳಲಿಲ್ಲ. ಅಂವಗ ಇದು ನಾಯಿಗೆ ಅನ್ನೂದೂ ಹೇಳಲಿಲ್ಲ ಅಂತ ಕಾಣ್ತೈತಿ. ಅಂವ ಏನ ಅಂದ್ಕೊಂಡ್ನೋ, ಸಣ್ಣ ಹೋರಿಕರ ಇರಬೇಕು ಅಂತ ತಿಳದು ಮನಸಿಟ್ಟು ಮಾಡಿದ್ದ. ಎದಿ ಮ್ಯಾಲೆ ದಪ್ಪ ಚರ್ಮದ ಪಟ್ಟಿ, ಅದಕ್ಕ ಸಾಲಾಗಿ ಹಿತ್ತಾಳಿ ಗೆಜ್ಜಿ, ಬೆನ್ನ ಮ್ಯಾಲೆ ಕೆಂಪು ಗೊಂಡೆ, ಮ್ಯಾಲೆ ಬಿಟ್ಟಿಲೆ ಒಂದು ಹಣಿಪಟ್ಟಿ.

ಮೋತ್ಯಾ ಅದನ್ನ ಹಾಕ್ಕೊಂಡು ಝಲ್ ಝಲ್ ಅಂತ ಬಂದ್ರ ಇಡೀ ಬಡಾವಣಿ ಹೊರಗ. ವಾಕಿಂಗ್ ಬಂದಾರೆಲ್ಲಾ ಹಾದಿ ಬಿಟ್ಟು ನಿಂತ್ರು. ಖರೇ ಹೇಳ್ತೀನಿ, ಪಟ್ಟಿ ಕೆಲಸ ಮಾಡ್ತು, ಜಗ್ಗೂದು ಅರ್ಧಾ ಕಡಿಮಿ ಆತು. ಆದ್ರ ಕೆಳಗಿನ ಮನಿ ಆಯಿ ಒಬ್ಬಾಕಿ, ಕಣ್ಣು ಮಂದ, ಗೆಜ್ಜಿ ಸಪ್ಪಳ ಕೇಳಿ ಮನಿಮುಂದ ಬಸವಣ್ಣ ಬಂದಾನಂತ ತಿಳದು ತಾಟಿನ್ಯಾಗ ಜ್ವಾಳಾ, ಕುಂಕುಮಾ ಹಿಡಕೊಂಡು ಬಂದ್ಲು. ಹಣಿಪಟ್ಟಿಗೆ ಕುಂಕುಮಾ ಹಚ್ಚಿ, ಕಣ್ಣ ಮುಚ್ಚಿ ಕೈ ಮುಗದು ನಿಂತ್ಲು.

ಮೋತ್ಯಾ ನಿಧಾನಕ ಒಂದು ಕಾಲ ಎತ್ತಿದ. "ನೋಡ್ರೀ, ಆಶೀರ್ವಾದ ಮಾಡ್ತಾನ" ಅಂದ್ರು ಹಿಂದ ನಿಂತಾರು. ಮಾಡಿದ್ದು ಆಶೀರ್ವಾದ ಅಲ್ಲ, ಬಾಜೂಕ ಲೈಟಿನ ಕಂಬಾ ಇತ್ತು.

ಉಪಾಸದ ತೂಕಾ

ಪಟ್ಟಿ ಹಾಕಿದ್ರೂ ಅರ್ಧಾ ಜಗ್ಗೂದು ಉಳದಿತ್ತು. ಒಂದಿನಾ ಅಜ್ಜಾರ ಹೇಳಿದ್ರು, "ಇಳಿಯೂಮುಂದ ಸೂಪರ್ ಫಾಸ್ಟ್ ಇರ್ತಾನ್ರಿ, ಏರೂಮುಂದ ಕೆಟ್ಟ ಬಸ್ಸು. ಹಿಂದಿಂದ ನೂಕಬೇಕು."

ನನಗ ಸಂಶಯ ಬಂತು. "ತಳದಾಗ ಏನೈತ್ರಿ ಅಜ್ಜಾರ?"

"ಚಾದಂಗಡಿ."

"ಚಾದಂಗಡಿಯಾಗ?"

ಅಜ್ಜಾರು ಗ್ವಾಡಿ ಮ್ಯಾಲಿನ ಹಲ್ಲಿ ನೋಡಿದ್ರು. "ಖಾರಿ, ಟೋಸ್ಟು... ಗೆಳ್ಯಾರು ಪ್ರೀತೀಲೆ ಒಂದೊಂದು ತುತ್ತು ಹಾಕ್ತಾರ್ರಿ. ಯಾವಾಗರೆ ಒಮ್ಮೆ ಕುಂದಾ."

ಕುಂದಾ! ಬೆಳಗಾವಿಯಾಗ ಮನುಷ್ಯಾರ ಶುಗರ್ ಸಾಲಂಗಿಲ್ಲಂತ ನಾಯಿಗೂ ಬೇಕಾತು. ತೂಕಾ ಮಾಡಿದ್ರ ತಕ್ಕಡಿ ಮುಳ್ಳು ನನ್ನ ಹೆದರಿಸಿತು. "ಇಂಥಾ ಭಾರ ಇಳಿಜಾರಿನ್ಯಾಗ ಜಗ್ಗಿದ್ರ ಯಾರ ನಿಲ್ಲತಾರ್ರಿ? ಎಲ್ಲಾ ಬಂದ್! ಸಿಹಿ ಬ್ಯಾಡ, ಬೇಕರಿ ಬ್ಯಾಡ" ಅಂತ ಆರ್ಡರ್ ಕೊಟ್ಟೆ. ಅಜ್ಜಾರು ಗೆಳ್ಯಾರಿಗೆಲ್ಲಾ ಆಣಿ ಹಾಕಿಸಿದ್ರು. ಅದು ಶ್ರಾವಣ. ಸೋಮವಾರ ಮನಿ ಮಂದಿಗೆಲ್ಲಾ ಉಪಾಸ. "ಆವತ್ತ ಇಂವಗೂ ಹಗೂರ ಊಟಾ ಹಾಕ್ರಿ, ಸ್ವಲ್ಪ ಹೊಟ್ಟಿ ಖಾಲಿ ಇರ್ಲಿ" ಅಂದೆ.

ಶ್ರಾವಣ ಮುಗೀಲಿಕ್ಕೆ ಬಂತು. ಮೋತ್ಯಾನ ತೂಕಾ ಹೆಚ್ಚಾಗಿತ್ತು.

ಮಧ್ಯಾಹ್ನ ಸೊಸಿ ಒಬ್ಬಾಕಿನ ಬಂದ್ಲು. ಸೆರಗಿನ ತುದಿ ಬೆರಳಿಗೆ ಸುತ್ತಿಕೋಂತ ನಿಂತ್ಲು. "ಬಾಯಾರ, ಮಾವನವ್ರಿಗೆ ಹೇಳಬ್ಯಾಡ್ರಿ. ಸೋಮವಾರ ಅದು ನನ್ನ ಮುಖಾ ನೋಡ್ಕೋಂತ ಕುಂದರ್ತೈತ್ರಿ. ತಡೀಲಿಲ್ಲ. ಸಾಬುದಾಣಿ ಖಿಚಡಿ ಒಂದೀಟ ಹಾಕಿದೆ." ನಾಯಿ ಕಳಸ್ತೀನಿ ಅಂದಾಕಿ ಇಕೀನ ಏನು ಅನಿಸ್ತು. ನನಗ ಆಕಿ ಮ್ಯಾಲೆ ಪ್ರೀತಿ ಬಂತು.

ಸಂಜೀಕ ಆಕಿ ಗಂಡ ಫೋನ್ ಮಾಡ್ದ. "ನಮ್ಮಾಕಿಗೆ ಹೇಳಬ್ಯಾಡ್ರಿ ಬಾಯಾರ, ಖಿಚಡಿ ನಾನೂ ಹಾಕೇನಿ." ಅಜ್ಜಾರು ಬಂದು ಹಲ್ಲಿ ನೋಡ್ಕೋಂತ, "ಅವರಿಬ್ಬರಿಗೂ ಹೇಳಬ್ಯಾಡ್ರಿ" ಅಂದ್ರು. ಒಬ್ಬರಿಗೊಬ್ಬರು ಗೊತ್ತಿಲ್ಲದಂಗ ಮೂರೂ ಮಂದಿ ಹಾಕಿದ್ರು. ಉಪಾಸ ಮಾಡಿ ಮಾಡಿ ತೂಕಾ ಏರಿಸ್ಕೊಂಡಾಂವ ಬೆಳಗಾವಿಯಾಗ ಮೋತ್ಯಾ ಒಬ್ಬನ ಅಲ್ಲ ಬಿಡ್ರಿ.

ಫೋನಿನ್ಯಾಗ ಎಮ್ಮಿ

ನಾ ಖಾನಾಪುರ ಬಿಟ್ರೂ ಖಾನಾಪುರ ನನ್ನ ಬಿಡಲಿಲ್ಲ. ಒಂದಿನಾ ದವಾಖಾನಿ ತುಂಬ ಮಂದಿ. ಅಜ್ಜಾರು, ಮೋತ್ಯಾ, ಮತ್ತ ಆ ಇಸ್ತ್ರಿ ಅಂಗಿ ದೊಡ್ಡ ಮನುಷ್ಯಾರು ತಮ್ಮ ಬಿಳೀ ನಾಯಿ ಜೋಡಿ ಕುಂತಿದ್ರು. ಫೋನ್ ಬಂತು. ಖಾನಾಪುರದ ಕಡೆ ಹಳ್ಳಿ ರೈತ, ನನ್ನ ಹಳೇ ಗಿರಾಕಿ.

"ಬಾಯಾರ, ಹೊಸಾ ಡಾಕ್ಟರ್ ಬಂದಾರ್ರಿ. ಎಮ್ಮಿ ಅವರನ್ನ ಹಂತೇಕ ಬಿಟ್ಕೋವಲ್ದು, ಒದಿಯಾಕ್ಹತ್ತೈತಿ. ನಿಮ್ಮ ದನಿ ಕೇಳಿದ್ರ ನಿಂದರ್ತೈತಿ. ಕಿವಿಗೆ ಫೋನ್ ಹಿಡೀತೀನಿ, ಒಮ್ಮೆ ಬೈರಿ."

ನಾ ಏನ ಮಾಡ್ಲಿ? ಆ ಕಡೆ ದನಕ್ಕೆಲ್ಲಾ ಮರಾಠಿನ ಬೇಕು. ಮಂದಿ ಕಡೆ ಬೆನ್ನ ತಿರುವಿ ಹೊಟ್ಟಿಯಿಂದ ಒಂದು ಬಿಟ್ಟೆ: "ಏ ಥಾಂಬ್! ಹಲೂ ನಕೋ!" ನಿಂದ್ರು, ಅಲುಗ್ಯಾಡಬ್ಯಾಡ ಅಂತ.

ಹಿಂದ ತಿರುಗಿ ನೋಡಿದ್ರ ದವಾಖಾನಿ ಪೂರಾ ಗಪ್. ಬಿಳೀ ನಾಯಿ ಕುರ್ಚಿ ಕೆಳಗ. ದೊಡ್ಡ ಮನುಷ್ಯಾರು ಎದ್ದು ಕೈ ಕಟ್ಟಿ ನಿಂತಿದ್ರು. ಅಜ್ಜಾರ ಬಲಗಾಲು ಬ್ರೇಕ್ ಒತ್ತಿದಂಗ ನೆಲಾ ಒತ್ತಿ ಹಿಡದಿತ್ತು. ಮೋತ್ಯಾ ಕಿವಿ ನೆಟ್ಟಗ ಮಾಡಿ ಕಲ್ಲಾಗಿದ್ದ.

ಫೋನಿನ್ಯಾಗ ರೈತ ಅಂದ, "ಸೂಜಿ ಆತ್ರಿ ಬಾಯಾರ, ಬಾಳ ಉಪಕಾರ ಆತು. ಈಗ ನಡಿ ಅಂತ ಹೇಳ್ರಿ, ಅದು ಅಲುಗ್ಯಾಡವಲ್ದು."

ಒಂದ ಶಿಟ್ಟಿ, ಎರಡ ಶಿಟ್ಟಿ

ಅವತ್ತಿಂದ ಅಜ್ಜಾರ ತಲಿಯಾಗ ಹುಳಾ ಹೊಕ್ತು. ಮರುದಿನಾನ ಬಂದ್ರು. "ಬಾಯಾರ, ನಾ ಗಾಡಿ ಹೊಡಿಯೂಮುಂದ ಕಂಡಕ್ಟರ್ ಒಂದ ಶಿಟ್ಟಿ ಹೊಡದ್ರ ನನ್ನ ಕಾಲು ತಾನ ಬ್ರೇಕಿನ ಮ್ಯಾಲೆ ಹೋಗತಿತ್ತು. ಎರಡ ಹೊಡದ್ರ ಗಾಡಿ ಬಿಟ್ಟೆ. ಯಾಕ, ಏನು ಅಂತ ಹಿಂದ ತಿರುಗಿ ನೋಡಿದಾಂವ ಅಲ್ಲ. ಎಮ್ಮಿಗೆ ಬಂದ ರೂಢಿ, ನನಗ ಬಂದ ರೂಢಿ, ಮೋತ್ಯಾಗ ಬರೂದಿಲ್ಲೇನ್ರಿ?"

ಬರ್ತೈತಿ ಅಂದೆ. ಖರೇನ ಛಲೋ ವಿಚಾರ ಅದು. ಒಂದ ಶಿಟ್ಟಿ ಅಂದ್ರ ನಿಲ್ಲೂದು, ನಿಂತ್ರ ಒಂದ ಚೂರು ರೊಟ್ಟಿ. ಎರಡ ಶಿಟ್ಟಿ ಅಂದ್ರ ಹೊಂಡೂದು. ಮೊದಲ ನನ್ನ ದವಾಖಾನಿ ಹಿಂದ ಸಪಾಟ ಜಾಗಾದಾಗ ಕಲಿಸಿದ್ವಿ, ಆಮ್ಯಾಲೆ ಇಳಿಜಾರಿನ ಮ್ಯಾಲೆ. ಗಾಡಿ ಬಂತಂದ್ರ ದಂಡೀಗೆ ಸರದು, ಒಂದ ಶಿಟ್ಟಿ ಹೊಡದು, ಗಾಡಿ ಹಾಯ್ದು ಹೋಗೂತನಕ ನಿಲ್ಲಬೇಕು ಅಂತ ಅಜ್ಜಾರಿಗೂ ಕಲಿಸಿದೆ. ಇಬ್ಬರೂ ಕಲತ್ರು. ಮೋತ್ಯಾ ಸ್ವಲ್ಪ ಲಗೂನ ಕಲತ.

ಪ್ಲಾಸ್ಟರ್ ಬಿಚ್ಚಿದ ಮ್ಯಾಲಿನ ಐತವಾರ ಸೊಸಿ ಪರೀಕ್ಷಾ ಇಟ್ಲು. ಬೂಟ ಹಾಕ್ಕೊಂಡು, ಓಢಣಿ ನಡಕ್ಕ ಕಟಗೊಂಡು ಸರಪಳಿ ತನ್ನ ಕೈಯಾಗ ಹಿಡದ್ಲು. ನಾ ಸಾಕ್ಷಿ. ಅಜ್ಜಾರ ಮುಖಾ ಒಣಗಿ ಹೋಗಿತ್ತು. ನನ್ನ ಬಾಜೂಕ ಬಂದು, "ಬಾಯಾರ, ಇಂವ ಇವತ್ತ ಜಗ್ಗಿದ್ರ ನಾಳಿಂದ ನಾ ಚಾದಂಗಡಿಗೆ ಯಾರ ಜೋಡಿ ಹೋಗ್ಲಿ?" ಅಂದ್ರು. ಆಮ್ಯಾಲೆ ತಮ್ಮ ಕಂಡಕ್ಟರ್ ಶಿಟ್ಟಿ ಬಾಯಾಗ ಇಟ್ರು.

ಎರಡ ಶಿಟ್ಟಿ. ಮೋತ್ಯಾ ಹೊಂಟ. ಎಷ್ಟ ಚೆಂದ ಹೊಂಟ ಅಂದ್ರ, ಹೊಸಾ ಮದಲಗಿತ್ತಿ ಹೊಸ್ತಲ ದಾಟಿದಂಗ. ಸರಪಳಿ ಸಡಲಾಗಿ ಜೋತ ಬಿದ್ದಿತ್ತು. ಸೊಸಿ ಹುಬ್ಬಿನ ಗಂಟು ಒಂದೊಂದ ಬಿಚ್ಚಾಕ್ಹತ್ತಿತು.

ಅರ್ಧಾ ಇಳಿಜಾರು ಇಳದಿದ್ವಿ. ಹಿಂದ ಮ್ಯಾಲಿನ ಸ್ಟಾಪಿಂದ ಸಿಟಿ ಬಸ್ಸು ಬಂತು. ಅಜ್ಜಾರು ಕಲಿಸಿದಂಗ ಎಲ್ಲಾರನ್ನ ದಂಡೀಗೆ ಸರಿಸಿ ಒಂದ ಶಿಟ್ಟಿ ಹೊಡದ್ರು. ಮೋತ್ಯಾ ನಿಂತ. ನಿಂತು ಕುಂತ.

"ಶಾಬ್ಬಾಸ್!" ಅಂದೆ.

ಬಸ್ಸೂ ನಿಂತು ಬಿಡ್ತು.

ಅಜ್ಜಾರು "ಹೋಗ್ರಿ, ಹೋಗ್ರಿ" ಅಂತ ಕೈ ಮಾಡಿದ್ರು. ಡ್ರೈವರ್ ಸ್ಟೇರಿಂಗ್ ಮ್ಯಾಲೆ ಎರಡೂ ಕೈ ಇಟ್ಟು ಮುಂದ ನೋಡ್ಕೋಂತ ಆರಾಮ ಕುಂತಿದ್ದ. ಒಳಗ ಪ್ಯಾಸೆಂಜರ್ ಮಂದಿ "ಯಾಕ ನಿಲ್ಲಿಸಿದ್ರಿ?" ಅಂತ ಗದ್ಲಾ ಸುರು ಮಾಡಿದ್ರು. ಕಂಡಕ್ಟರ್, "ಶಿಟ್ಟಿ ನಾ ಹೊಡದಿಲ್ಲೋ ಮಾರಾಯರ!" ಅಂತ ಆಣಿ ಮಾಡ್ಕೋಂತ, ಯಾರರೆ ಹತ್ತಾವ್ರು ಅದಾರೇನು ನೋಡಾಕ ಹಿಂದಿನ ಬಾಗಲದಿಂದ ಕೆಳಗ ಇಳದ. ಬಸ್ಸಿನ ಹಿಂದ ಹಾಲಿನ ಗಾಡಿ ಹಾರ್ನ್ ಹೊಡ್ಯಾಕ್ಹತ್ತಿತು.

"ಮಾವಾರ, ಇದ್ಯಾಕ ಹೋಗವಲ್ದು?" ಅಂದ್ಲು ಸೊಸಿ.

"ಏನ ರೋಗ ಬಂದೈತೋ ಇದಕ್ಕ. ಇದರ ಹಾದಿ ಕಾಯ್ಕೋಂತ ನಿಂತ್ರ ಮಧ್ಯಾಹ್ನ ಆಗ್ತೈತವ್ವಾ. ನಾವ ಮುಂದ ಹೋಗೂಣು" ಅಂದು ಅಜ್ಜಾರು ಎರಡ ಶಿಟ್ಟಿ ಹೊಡದ್ರು.

ಮೋತ್ಯಾ ಹೊಂಟ. ಬಸ್ಸೂ ಹೊಂಡ್ತು.

ನಮ್ಮ ಬಾಜೂಕ ಹಾಯ್ದು ಬಸ್ಸು ಮುಂದ ಹೋತು. ಕೊಳ್ಳಾಗ ಟಿಕೆಟ್ ಮಶೀನ್ ಹಾಕ್ಕೊಂಡ ಕಂಡಕ್ಟರ್ ರಸ್ತಾದಾಗ ಉಳದ. "ಹೋಲ್ಡಾನ್! ಏ ಹೋಲ್ಡಾನ್!" ಅಂತ ಓಡಿದ. ತನ್ನ ಶಿಟ್ಟಿ ಬಾಯಾಗ ಇಟ್ಟ, ಆದ್ರ ಇಳಿಜಾರಿನ್ಯಾಗ ಓಡೂಮುಂದ ಉಸುರ ಎಲ್ಲಿಂದ ಬರಬೇಕು? ಬರೇ ಫುಸ್ ಅಂತ ಗಾಳಿ ಬಂತು. ಪ್ಯಾಸೆಂಜರ್ ಕಿಡಕಿಯಿಂದ ತಲಿ ಹಾಕಿ "ಕಂಡಕ್ಟರ್ ಉಳದಾನೋ!" ಅಂತ ಹೊಯ್ಕೊಂಡ್ರು. ಡ್ರೈವರ್ ಕಿವಿ ಮ್ಯಾಲೆ ಹಾಕ್ಕೊಳ್ಳಲಿಲ್ಲ. ದಿನಾ ಕೇಳೂ ಗದ್ಲಾ ಅಂತ ತಿಳದನೇನೋ.

ಅಜ್ಜಾರಿಗೆ ಮಾತ್ರ ತಿಳೀತು. ಡ್ರೈವರ್ ಜಾತಿ, ಡ್ರೈವರ್ ಯಾವದಕ್ಕ ನಿಲ್ಲತಾನಂತ ಅವರಿಗೆ ಗೊತ್ತಿಲ್ಲೇನು? ಎದಿ ತುಂಬ ಉಸುರ ಎಳಕೊಂಡು ಒಂದ, ಒಂದ ಶಿಟ್ಟಿ ಹೊಡದ್ರು ನೋಡ್ರಿ, ಇಡೀ ಗುಡ್ಡಾ ಕೇಳ್ತು.

ಮೋತ್ಯಾ ನಿಂತ. ಬಸ್ಸು ನಿಂತಿತು. ಹಾಲಿನ ಗಾಡಿ ನಿಂತಿತು. ಎದುರಿಂದ ಏರ್ಕೋಂತ ಬರೂ ಹೆಣಮಕ್ಕಳ ವಾಕಿಂಗ್ ಗುಂಪು ನಿಂತಿತು. ಸುಳ್ಳ ಯಾಕ ಹೇಳ್ಲಿ, ನಾನೂ ನಿಂತೆ. ಕಂಡಕ್ಟರ್ ಒಬ್ಬಗ ನಿಲ್ಲಾಕ ಆಗಲಿಲ್ಲ. ಓಡಿ ಬಂದ ರಭಸಕ್ಕ ಬಸ್ಸಿನ ಬಾಗಲಾ ದಾಟಿ, ಬಸ್ಸನ್ನೂ ದಾಟಿ, ತಳದಾಗ ಚಾದಂಗಡಿ ಬೆಂಚಿನ ಮ್ಯಾಲೆ ಹೋಗಿ ಧಪ್ಪಂತ ಕುಂತ. ಚಾದಂಗಡಿಯಾಂವ ಏನೂ ಕೇಳದ ಅಂವನ ಮುಂದ ಒಂದು ಚಾ ಇಟ್ಟ.

ನಾವು ಕೆಳಗ ಮುಟ್ಟೂದ್ರಾಗ ಅಂವಗ ಉಸುರ ಮರಳಿತ್ತು. ಅಜ್ಜಾರ ಕೈಯಾಗಿನ ಶಿಟ್ಟಿ ನೋಡಿದ, ಮುಖಾ ನೋಡಿದ, ಗುರ್ತ ಹಿಡದ. "ಅಜ್ಜಾರ, ನೀವೇನ್ರಿ? ರಿಟಾಯರ್ ಆದ್ರೂ ಡ್ಯೂಟಿ ಬಿಡವಲ್ರೇನ್ರಿ?" ಅಂತ ಕೈ ಮುಗದ. ಬಸ್ಸಿನ್ಯಾಗಿನ ಮಂದಿ ಎಲ್ಲಾ ನಗಾಕ್ಹತ್ತಿದ್ರು. ಅಜ್ಜಾರು ಶಿಟ್ಟಿ ಕಿಸೆದಾಗ ಹಾಕ್ಕೊಂಡು ತಲಿ ತಗ್ಗಿಸಿ ನಿಂತ್ರು. ಕಣ್ಣಾಗ ನೀರ ಬರೂದಷ್ಟ ಬಾಕಿ.

ಸೊಸಿ ಕೈಯಾಗಿನ ಸರಪಳಿ ನೋಡಿದ್ಲು, ಅದು ಸಡಲಾನ ಇತ್ತು. ಬಾಲಾ ಅಳ್ಳಾಡಿಸ್ಕೋಂತ ಕುಂತ ಮೋತ್ಯಾನ್ನ ನೋಡಿದ್ಲು. ನಿಂತ ಬಸ್ಸು ನೋಡಿದ್ಲು. ಕಡೀಕ ಮಾವ್ನ ನೋಡಿದ್ಲು.

"ಬಾಯಾರ, ನಾಯಿ ಪಾಸ್ ಆತ್ರಿ, ಅದು ಮನ್ಯಾಗ ಇರ್ಲಿ" ಅಂದ್ಲು. "ಖಾನಾಪುರಕ್ಕ ಕಳಸೂದು ಮಾವನವ್ರನ್ನ."